ಮೊದಲ ಕೂಗು

ಮೂಡಲಪಾಳ್ಯದ ಗೂಡ್ಸ್ ಆಟೊ ಮಹೇಶನ ಮಗಳಿಗೆ ಎರಡು ಹೆಸರು. ಸ್ಕೂಲಿನಲ್ಲಿ ಅಪೂರ್ವ, ಮನೆಯಲ್ಲಿ ತಿಪ್ಪಿ. ತಿಪ್ಪಿ ಅಂದರೆ ತಿಪ್ಪಮ್ಮ. ನಗಬೇಡಿ, ಅವಳಿಗೆ ಸಿಟ್ಟು ಬರುತ್ತದೆ. ಹತ್ತನೇ ಕ್ಲಾಸಿನ ನಲವತ್ತಮೂರು ಮಕ್ಕಳಲ್ಲಿ ಒಬ್ಬರ ಕಿವಿಗೂ ಈ ಎರಡನೆಯ ಹೆಸರು ಬೀಳದ ಹಾಗೆ ಒಂದನೇ ಕ್ಲಾಸಿನಿಂದ ಕಾಪಾಡಿಕೊಂಡು ಬಂದಿದ್ದಳು ಹುಡುಗಿ. ಗೆಳತಿಯರನ್ನು ಮನೆಗೆ ಕರೆಯುತ್ತಿರಲಿಲ್ಲ. ಪೇರೆಂಟ್ಸ್ ಮೀಟಿಂಗಿಗೆ ಅಜ್ಜಿ ಹೊರಟು ನಿಂತರೆ ಇವಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಅಜ್ಜಿ ಅಂಜನಮ್ಮನಿಗೆ ಮೊಮ್ಮಗಳನ್ನು ನಡುಬೀದಿಯಲ್ಲಿ ‘ತಿಪ್ಪೀ’ ಎಂದು ಗಂಟಲು ಹರಿಯುವಂತೆ ಕೂಗುವುದರಲ್ಲಿ ಯಾವ ನಾಚಿಕೆಯೂ ಇರಲಿಲ್ಲ. ನಾನೂ ಅವಳನ್ನು ತಿಪ್ಪಿ ಎಂದೇ ಕರೆಯುತ್ತೇನೆ. ಯಾಕೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಸ್ಕೂಲು ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗುಯ್ಯೆನ್ನುತ್ತದೆ, ಮೇಷ್ಟ್ರು ಪಾಠ ನಿಲ್ಲಿಸಿ ಕಾಯುತ್ತಾರೆ. ತಿಪ್ಪಿ ಆ ಕ್ಲಾಸಿನಲ್ಲೇ ಕುಳ್ಳಿ. ಪ್ರೇಯರ್ ಸಾಲಿನಲ್ಲಿ ಹತ್ತು ವರ್ಷವೂ ಅವಳೇ ಮುಂದೆ. ಶ್ರೀಶ ಎಂಬ ತರಲೆ ಹುಡುಗ ಅವಳಿಗೆ ‘ಟ್ರಯಲ್ ಪ್ಯಾಕ್’ ಎಂದು ಹೆಸರಿಟ್ಟಿದ್ದ. “ದೊಡ್ಡ ಪ್ಯಾಕ್ ಯಾವಾಗ ಬರುತ್ತೆ ಗುರು?” ಎಂದು ದಿನಾ ಕೇಳುತ್ತಿದ್ದ. ಅವಳ ಗೆಳತಿ ಕೋಕಿಲಾ ಅವನಿಗೆ ಸ್ಕೇಲಿನಿಂದ ಒಂದು ಬಿಗಿಯುತ್ತಿದ್ದಳು. ದಿನದ ಶುರು ಹೀಗೆ.

ಇನ್ನು ಅಜ್ಜಿಯ ಮಾತು. ಅಂಜನಮ್ಮ ಮಾಗಡಿ ಕಡೆಯವಳು. ಬೆಳಗ್ಗೆಯಿಂದ ಸಂಜೆಯವರೆಗೆ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾಳೆ. ಅವಳಿಗಿರುವ ಭಯಗಳಿಗೆ ಲೆಕ್ಕವಿಲ್ಲ. ಮುಸ್ಸಂಜೆಯಲ್ಲಿ ತಲೆ ಬಾಚಬಾರದು, ಹುಣಸೆಮರದ ಕೆಳಗೆ ನಿಲ್ಲಬಾರದು. ತಿಪ್ಪಿಯನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಗೇಟಿನ ಹತ್ತಿರ ಕೂರಿಸಿಕೊಂಡು ಇನ್ನೊಂದು ಸೇರಿಸಿದ್ದಳು. “ನೋಡು ಮಗಾ, ಸ್ಕೂಲಲ್ಲಿ ಹೆಸ್ರು ಕೂಗ್ತಾರಲ್ಲ, ಮೊದಲ್ನೇ ಸಲಕ್ಕೆ ಓ ಅನ್ಬೇಡ. ಬಾಯಿ ಮುಚ್ಕೊಂಡು ಇರು. ಎರಡ್ನೇ ಸಲ ಕೂಗಿದ್ರೆ ಮಾತ್ರ ಅನ್ನು. ಆಣೆ ಮಾಡು.” ತಿಪ್ಪಿ ಅಜ್ಜಿಯ ತಲೆ ಮುಟ್ಟಿ ಆಣೆ ಮಾಡಿದ್ದಳು. ದೆವ್ವ ಮೊದಲ ಸಲ ಕೂಗುತ್ತದೆ, ಮನುಷ್ಯರಾದರೆ ಮತ್ತೆ ಕೂಗುತ್ತಾರೆ ಎಂದು ಹಳಬರು ಹೇಳುವುದುಂಟಲ್ಲ, ಇದೂ ಅಂಥದ್ದೇ ಎಂದುಕೊಂಡಳು. ಮನೆಯಲ್ಲಿ ‘ತಿಪ್ಪೀ’ ಎಂದರೆ ಒಂದೇ ಕೂಗಿಗೆ ಓಡಿ ಬರಬೇಕು, ಸ್ಕೂಲಿನಲ್ಲಿ ಮಾತ್ರ ಎರಡನೆಯದಕ್ಕೆ ಕಾಯಬೇಕು, ಇದು ಯಾಕೆ ಎಂದು ಅವಳು ಕೇಳಲಿಲ್ಲ. ಮಕ್ಕಳು ಕೇಳುವುದಿಲ್ಲ. ಹೇಳಿದ್ದನ್ನು ಮಾಡುತ್ತವೆ, ಆಮೇಲೆ ಅದೇ ಅಭ್ಯಾಸವಾಗುತ್ತದೆ.

ಅಚ್ಚರಿಯ ಸಂಗತಿಯೆಂದರೆ ಎರಡನೆಯ ಕೂಗಿನ ಅಗತ್ಯವೇ ಬೀಳುತ್ತಿರಲಿಲ್ಲ. ಮೇಷ್ಟ್ರು “ಅಪೂರ್ವ ಎಂ.” ಎನ್ನುತ್ತಿದ್ದರು. ತಿಪ್ಪಿ ಬಾಯಿ ಬಿಗಿದು ಕೂರುತ್ತಿದ್ದಳು. ಅವಳ ಬೆಂಚಿನ ಕಡೆಯಿಂದಲೇ “ಹಾಜರ್ ಸಾರ್” ಎಂದು ಒಂದು ತೆಳ್ಳನೆಯ ದನಿ ಬರುತ್ತಿತ್ತು. ಮೇಷ್ಟ್ರು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಐದನೇ ಕ್ಲಾಸಿನಿಂದ ಪಕ್ಕದಲ್ಲಿ ಕೂರುತ್ತಿದ್ದವಳು ಕೋಕಿಲಾ. ಪಾಪ, ಗೆಳತಿ ಪ್ರಾಕ್ಸಿ ಹಾಕುತ್ತಿದ್ದಾಳೆ ಎಂದೇ ತಿಪ್ಪಿ ತಿಳಿದಿದ್ದಳು. ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡು ಥ್ಯಾಂಕ್ಸ್ ಅನ್ನುವಂಥ ಸ್ನೇಹವಲ್ಲ ಅವರದು. ಐದನೇ ಕ್ಲಾಸಿಗಿಂತ ಮೊದಲು ಯಾರು ಹೇಳುತ್ತಿದ್ದರು ಎಂದು ಅವಳು ಯೋಚಿಸಿಯೂ ಇರಲಿಲ್ಲ.

ಹತ್ತನೇ ಕ್ಲಾಸಿನ ಆಗಸ್ಟಿನಲ್ಲಿ ಕೋಕಿಲಾಗೆ ಕಾಮಾಲೆಯಾಯಿತು. ಸೋಮವಾರ ತಿಪ್ಪಿ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಕ್ಲಾಸ್ ಟೀಚರ್ ಶಿವಯೋಗಿ ಮೇಷ್ಟ್ರು ಹಾಜರಿ ಪುಸ್ತಕ ತೆರೆದರು. ಇವತ್ತು ಎರಡು ಸಲ ಕೂಗಿಸಿಕೊಂಡು ಬೈಸಿಕೊಳ್ಳಬೇಕಲ್ಲಪ್ಪ ಎಂದು ಅವಳು ಗಂಟಲು ಸರಿಮಾಡಿಕೊಂಡಳು.

“ಅಪೂರ್ವ ಎಂ.”

“ಹಾಜರ್ ಸಾರ್.”

ಎಡಗಡೆಯಿಂದ, ಕೋಕಿಲಾ ಕೂರುವ ಜಾಗದಿಂದ ಬಂತು ಆ ದನಿ. ಅಲ್ಲಿ ಬೆಂಚಿನ ಹಲಗೆ ಇತ್ತು, ಅದರ ಮೇಲೆ ಯಾರೋ ಕಂಪಾಸಿನಿಂದ ಕೊರೆದ ಒಂದು ಹೃದಯ ಇತ್ತು. ಬೇರೇನೂ ಇರಲಿಲ್ಲ. ಮೇಷ್ಟ್ರು ಟಿಕ್ ಹಾಕಿ “ಭಾರ್ಗವಿ ಎಸ್.” ಎಂದರು. ತಿಪ್ಪಿಯ ಬೆನ್ನ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದ ಹಾಗಾಯಿತು.

ಆ ವಾರವೆಲ್ಲ ಹಾಗೇ ಆಯಿತು. ಶುಕ್ರವಾರದ ಹೊತ್ತಿಗೆ ಅವಳಿಗೆ ಒಂದು ಹಳೆಯ ವಿಷಯ ನೆನಪಾಯಿತು. ನಾಲ್ಕನೇ ಕ್ಲಾಸಿನಲ್ಲಿ ಸಿಡುಬಿನಂಥ ಗುಳ್ಳೆಯೆದ್ದು ಹನ್ನೆರಡು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಆ ವರ್ಷವೂ ನೂರಕ್ಕೆ ನೂರು ಹಾಜರಿಯ ಬಹುಮಾನ ಅವಳಿಗೇ ಬಂದಿತ್ತು, ಒಂದು ಸ್ಟೀಲ್ ಡಬ್ಬಿ. “ಎಷ್ಟು ಒಳ್ಳೆ ಟೀಚರ್ರು, ಮಗು ಮೇಲೆ ಕರುಣೆ ತೋರ್ಸವ್ರೆ” ಎಂದು ಅಪ್ಪ ಹಿಗ್ಗಿದ್ದ. ಆ ಡಬ್ಬಿಯಲ್ಲಿ ಈಗ ಸಕ್ಕರೆ ಇರುತ್ತದೆ. ಕರುಣೆಯಲ್ಲ ಅದು. ಆ ಹನ್ನೆರಡು ದಿನವೂ ಯಾರೋ ಸ್ಕೂಲಿಗೆ ಹೋಗಿದ್ದರು.

ಕೋಕಿಲಾ ವಾಪಸ್ಸು ಬಂದ ದಿನ, ಊಟದ ಬಿಡುವಿನಲ್ಲಿ, ತಿಪ್ಪಿ ಕೇಳಿಯೇಬಿಟ್ಟಳು. “ನೀನು ದಿನಾ ನನ್ ಪರವಾಗಿ ಹಾಜರ್ ಅಂತೀಯಲ್ಲ...”

“ನಾನಾ? ನಾನ್ಯಾಕೆ ಅನ್ಲಿ? ನೀನೇ ತಾನೇ ಅನ್ನೋದು, ಆ ಕೀರಲು ದನೀಲಿ?”

“ನಾನು ಒಂದು ದಿನಾನೂ ಅಂದಿಲ್ಲ ಕಣೇ.”

ಕೋಕಿಲಾ ಬಾಯಿಗೆ ಹಾಕಬೇಕಿದ್ದ ಚಿತ್ರಾನ್ನದ ತುತ್ತನ್ನು ಹಾಗೇ ಹಿಡಿದಳು. ಆಮೇಲೆ ಜೋರಾಗಿ ನಕ್ಕಳು. “ಅಯ್ಯೋ, ಸುಮ್ನೆ ಆಟ ಆಡ್ಬೇಡ. ನಾಳೆ ನಾನು ನಿನ್ ಬಾಯೇ ನೋಡ್ತಾ ಕೂತಿರ್ತೀನಿ, ಸರೀನಾ?”

ಮಾರನೆಯ ದಿನ ತಿಪ್ಪಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಮೇಷ್ಟ್ರು ಹೆಸರು ಕೂಗಿದರು. ಹಾಜರ್ ಸಾರ್ ಎಂದಿತು ದನಿ, ಈ ಸಲ ಇಬ್ಬರ ನಡುವಿನಿಂದ. ಕೋಕಿಲಾ ಮೆಲ್ಲಗೆ ಬೆಂಚಿನ ತುದಿಗೆ ಸರಿದಳು. “ಮಚ್ಚಾ, ನಿನ್ ಬಾಯಿ ಮುಚ್ಚಿತ್ತು” ಎಂದಳು. ಅಂದಿನಿಂದ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಯಾರೂ ಹೇಳಿ ಬಿಟ್ಟದ್ದಲ್ಲ. ಆದರೂ ಕೋಕಿಲಾ ಬೇರೆ ಬೆಂಚಿಗೆ ಹೋಗಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು.

ಅದೇ ವಾರ ಇನ್ನೊಂದಾಯಿತು. ಒಂದು ಬೆಳಗ್ಗೆ ಮಳೆಯಿಂದ ಚಂದ್ರಾ ಲೇಔಟಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ತಿಪ್ಪಿ ತಡವಾಗಿ ಬಂದಳು. ಗೇಟಿನಲ್ಲಿ ಆಯಾ ಪಾಪಮ್ಮ ಅವಳನ್ನು ನೋಡಿ ಕಣ್ಣು ಕಿರಿದು ಮಾಡಿದಳು. “ಇದೇನಮ್ಮ, ಈಗ ತಾನೇ ಒಳಕ್ಕೆ ಹೋದ್ಯಲ್ಲ? ಮತ್ತೆ ಯಾವಾಗ ಆಚೆ ಬಂದೆ?”

“ನಾನಲ್ಲ ಪಾಪಮ್ಮ. ಈಗ ಬರ್ತಾ ಇದೀನಿ.”

“ನನಗೇನು ಕಣ್ಣು ಹೋಗೈತಾ? ಇದೇ ಮುಖ, ಇದೇ ಜಡೆ.” ಪಾಪಮ್ಮ ತಡೆದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಒಂದು ಗೇಣು ಎತ್ತರ ಇದ್ದೆ ಅನ್ಸುತ್ತೆ.”

ತಿಪ್ಪಿ ಒಳಗೆ ಹೋಗಲಿಲ್ಲ. ಮಳೆಯಲ್ಲೇ ನಿಂತಿದ್ದಳು. ಮೊದಲನೆಯ ಪೀರಿಯಡ್ಡು ಮುಗಿದ ಮೇಲೆ ಹೋದರೆ ಅವಳ ಹೆಸರಿನ ಮುಂದೆ ಆಗಲೇ ಟಿಕ್ ಬಿದ್ದಿತ್ತು.

ಇಂಥ ಹೊತ್ತಿನಲ್ಲೇ ಆ ಹಾಳೆ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ಹಾಳೆ. ಹೆಸರು, ಹುಟ್ಟಿದ ತಾರೀಕು, ತಂದೆ ತಾಯಿ ಹೆಸರು, ಫೋಟೊ. ಶಿವಯೋಗಿ ಮೇಷ್ಟ್ರು ಒಬ್ಬೊಬ್ಬರ ಕೈಗೂ ಕೊಟ್ಟು ಬೆರಳೆತ್ತಿ ಹೇಳಿದರು: “ಬರ್ತ್ ಸರ್ಟಿಫಿಕೇಟ್ ಇಟ್ಕೊಂಡು ಪ್ರತಿ ಅಕ್ಷರ ನೋಡಿ. ಮಾರ್ಕ್ಸ್ ಕಾರ್ಡಲ್ಲಿ ಏನು ಬರುತ್ತೋ ಅದೇ ಸಾಯೋ ತನಕ ನಿಮ್ಮ ಹೆಸರು. ಕೆಲಸಕ್ಕೆ ಅದೇ, ಪಾಸ್‌ಪೋರ್ಟಿಗೆ ಅದೇ, ಮದುವೆಗೂ ಅದೇ. ಶನಿವಾರ ನನ್ನ ಮುಂದೆ ಬಂದು ಸಹಿ ಮಾಡಬೇಕು. ಆಮೇಲೆ ಬಂದು ಅತ್ತರೆ ನಾನು ಕೇಳೋನಲ್ಲ.”

ಮನೆಯಲ್ಲಿ ಬೀರುವಿನ ಲಾಕರಿನಿಂದ ತಿಪ್ಪಿ ಸರ್ಟಿಫಿಕೇಟು ತೆಗೆದಳು. ಅದನ್ನು ಹಿಂದೆಯೂ ನೋಡಿದ್ದಳು, ಓದಿರಲಿಲ್ಲ. ಹುಟ್ಟಿದ್ದು ಜನವರಿ ಇಪ್ಪತ್ತೊಂದು. ಮನೆಯಲ್ಲಿ ಅವಳ ಹುಟ್ಟಿದ ಹಬ್ಬ ಬಲಿಪಾಡ್ಯಮಿಯ ದಿನ. ಅದರಲ್ಲೇನೂ ವಿಶೇಷವಿಲ್ಲ, ನಮ್ಮಲ್ಲಿ ಅರ್ಧ ಜನಕ್ಕೆ ಮನೆಯದೊಂದು ತಾರೀಕು, ಸ್ಕೂಲಿನದೊಂದು ತಾರೀಕು. ಅವಳ ಬೆರಳು ನಿಂತದ್ದು ಹುಟ್ಟಿದ ಸ್ಥಳದ ಮುಂದೆ. ಬೆಂಗಳೂರು, ಹೆರಿಗೆ ಆಸ್ಪತ್ರೆ ಎಂದಿತ್ತು. ಅವಳು ಹುಟ್ಟಿದ ಕತೆಯನ್ನು ಅಜ್ಜಿ ನೂರು ಸಲ ಹೇಳಿದ್ದಳು. ಮಾಗಡಿ ಕಡೆಯ ಊರಲ್ಲಿ, ಹಟ್ಟಿಯ ಹಿಂದೆ, ಪಟಾಕಿ ಸದ್ದಿನ ನಡುವೆ, ಅಜ್ಜಿಯ ಕೈಯಲ್ಲೇ ಹುಟ್ಟಿದ ಮಗು ಅವಳು. ತಾರೀಕು ಎರಡಿರಬಹುದು. ಒಬ್ಬಳು ಎರಡು ಕಡೆ ಹುಟ್ಟುವುದು ಹೇಗೆ?

ಕಾಗದ ಹಿಡಿದು ಬಾಗಿಲಿಗೆ ಬಂದಳು. ಇಳಿಹೊತ್ತಿನ ಬಿಸಿಲು. ಅಜ್ಜಿ ಕಾಕಡ ಹೂ ಕಟ್ಟುತ್ತಿದ್ದಳು.

“ಅಜ್ಜಿ, ಅಪೂರ್ವ ಯಾರು?”

ಅಂಜನಮ್ಮನ ಬೆರಳು ದಾರದಲ್ಲೇ ನಿಂತವು. ಆಮೇಲೆ ಹೂವಿನ ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮ್ಮಕ್ಕ ಕಣವ್ವ” ಎಂದಳು.

ಹೇಳಿದ್ದು ಇಷ್ಟು. ತಿಪ್ಪಿಯ ಅಮ್ಮ ವರಲಕ್ಷ್ಮಿಗೆ ಮೊದಲನೆಯದು ಹೆಣ್ಣುಮಗು, ಆಸ್ಪತ್ರೆಯಲ್ಲಿ ಹುಟ್ಟಿತು. ಅಪೂರ್ವ ಎಂದು ಹೆಸರಿಟ್ಟರು. ಹನ್ನೊಂದು ತಿಂಗಳಿಗೆ ಜ್ವರ ಬಂತು, ಎರಡೇ ದಿನ, ಹೋಗಿಬಿಟ್ಟಿತು. ಆಗಷ್ಟೇ ಕೂಗಿದರೆ ‘ಓ’ ಎನ್ನಲು ಕಲಿತಿತ್ತಂತೆ. ವರಲಕ್ಷ್ಮಿ ಅಡುಗೆಮನೆಯಿಂದ ಕೂಗುವುದು, ಅದು ಚಾಪೆಯಿಂದ ಓ ಎನ್ನುವುದು, ದಿನವಿಡೀ ಅದೇ ಆಟ. ಮುಂದಿನ ದೀಪಾವಳಿಗೆ ತಿಪ್ಪಿ ಹುಟ್ಟಿದಳು. ಇದನ್ನೂ ಸಾವು ಒಯ್ಯಬಾರದು ಎಂದು ಅಂಜನಮ್ಮ ಹಸಿಕೂಸನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಮಲಗಿಸಿ, “ಯಾರೋ ಬಿಸಾಕಿದ್ದು ಸಿಕ್ತು” ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಮನೆಗೆ ತಂದಳು. ತಿಪ್ಪೆಯಿಂದ ತಂದ ಮಗು ತಿಪ್ಪಮ್ಮ. ಅಂಥ ಹೆಸರಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಯಮನದೂ ಸಹ. ಹಾಗೇ ಉಳಿಯಿತು.

“ಮತ್ತೆ ಸ್ಕೂಲಿಗೆ?”

“ನಿನ್ ಹುಟ್ಟನ್ನ ಬರೆಸೇ ಇರಲಿಲ್ಲ. ನಿಮ್ಮಪ್ಪ ಎಲ್‌ಕೆಜಿಗೆ ಹಾಕಾಕೆ ಹೋದ್ರೆ ಕಾಗದ ತಾ ಅಂದ್ರು. ಈಗ ಮಾಡ್ಸಾಕೆ ಕೋರ್ಟಿಗೋಗ್ಬೇಕು ಅಂದ್ರು. ಇವನಿಗೆ ರೇಗೋಯ್ತು. ಬೀರು ತೆಗೆದು ಸತ್ತ ಕೂಸಿನ ಕಾಗದ ತಗೊಂಡೋಗಿ ಮೇಜಿನ ಮೇಲೆ ಬಿಸಾಕ್ದ. ಅದ್ರ ಲೆಕ್ಕಕ್ಕೆ ಆರು ವರ್ಷ ಆಗಿತ್ತು. ಸೀದಾ ಒಂದ್ನೇ ಕ್ಲಾಸಿಗೆ ಕೂರ್ಸಿದ್ರು.” ಅಜ್ಜಿ ಮೂಗು ಸೀಟಿದಳು. “ನಾನು ಬ್ಯಾಡಾ ಅಂತ ಬಡ್ಕಂಡೆ. ಸತ್ತ ಮಗೀನ ಹೆಸ್ರು ದಿನಾ ಕೂಗಿದ್ರೆ ಅದು ಸುಮ್ನಿರ್ತದಾ? ಓ ಅಂತ ಬರಾಕಿಲ್ವಾ? ಅದಕ್ಕೇ ಅಂದೆ ನಿನಗೆ. ಮೊದಲ್ನೇ ಕೂಗು ಅವಳದ್ದು ಕಣವ್ವ. ಅದನ್ನ ನೀನು ಕಿತ್ಕಂಡ್ರೆ ಅವಳು ನಿನ್ನನ್ನೇ ಕಿತ್ಕೊಂಡಾಳು ಅಂತ ನನಗೆ ಭಯ.”

ತಿಪ್ಪಿಗೆ ಒಂದೊಂದೇ ಅರ್ಥವಾಗುತ್ತ ಹೋಯಿತು. ತಾನು ಯಾಕೆ ಕುಳ್ಳಿ. ತನ್ನ ಅಮ್ಮ ಯಾಕೆ ಒಂದು ದಿನವೂ, ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವಾಗಲೂ, ಅಪೂರ್ವ ಎಂಬ ಹೆಸರನ್ನು ಬಾಯಲ್ಲಿ ಹೇಳಿಲ್ಲ. ಭಯಕ್ಕಿಂತ ಹೆಚ್ಚಾಗಿ ಅವಳಿಗೆ ಸಿಟ್ಟು ಬಂತು. ಅಷ್ಟು ಮುದ್ದಾಗಿ ಬೈಂಡ್ ಹಾಕಿದ ನೋಟ್‌ಬುಕ್ಕುಗಳ ಮೇಲೆ, ಲೇಬಲ್ಲುಗಳ ಮೇಲೆ ಹತ್ತು ವರ್ಷ ಬರೆದ ಹೆಸರು ತನ್ನದಲ್ಲ. ತನ್ನದೆನ್ನುವ ಹೆಸರನ್ನು ಹತ್ತು ವರ್ಷ ಬಚ್ಚಿಟ್ಟಿದ್ದಾಳೆ.

ಸಂಜೆ ಗಾರ್ಮೆಂಟ್ಸಿನಿಂದ ಬಂದ ವರಲಕ್ಷ್ಮಿ ವಿಷಯ ತಿಳಿದು ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ಗೋಡೆಗೆ ಒರಗಿದಳು. “ಆ ಹೆಸ್ರು ನನ್ ಬಾಯಿಗೆ ಬರಲ್ಲ ತಿಪ್ಪಿ. ಕರೆದ್ರೆ ಓ ಅನ್ನಲ್ವಲ್ಲ ಅಂತ...” ಎಂದವಳು ಮುಂದೆ ಹೇಳಲಾರದೆ ಒಳಗೆ ಹೋದಳು. ಅಮ್ಮಾ, ಅವಳು ಓ ಎನ್ನುತ್ತಾಳೆ, ದಿನಾ ಎನ್ನುತ್ತಾಳೆ ಎಂದು ತಿಪ್ಪಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

ಮಹೇಶ ಮಾತ್ರ ಹಾಳೆಗೆ ಸಹಿ ಹಾಕಿಬಿಟ್ಟ. “ನೋಡಮ್ಮ, ಈಗ ಸತ್ಯ ಹೇಳಿದ್ರೆ ನಿನ್ ವಯಸ್ಸು ಕಮ್ಮಿ ಆಗುತ್ತೆ. ಈ ವರ್ಷ ಪರೀಕ್ಷೆಗೆ ಕೂರ್ಸಲ್ಲ. ಒಂದು ವರ್ಷ ಹೋಯ್ತು, ಕೋಕಿಲಾ ಮುಂದೆ, ನೀನು ಹಿಂದೆ. ಆಮೇಲೆ ಆ ಹೆಸ್ರು ಬೇರೆ. ತಿಪ್ಪಮ್ಮ ಅಂತ ಕಾಲೇಜಿಗೆ ಹೋಗ್ತೀಯಾ? ಸುಮ್ನೆ ಸಹಿ ಮಾಡ್ಬಿಡು. ಯಾರಿಗೂ ನಷ್ಟ ಇಲ್ಲ.” ಒರಟನಲ್ಲ ಅವನು, ಹೆದರಿದ್ದ ಅಷ್ಟೆ. ಮಗಳ ಮುಖ ನೋಡದೆ ಹೇಳಿದ.

ಅವನು ಹೇಳಿದ್ದು ಸುಳ್ಳಲ್ಲ. ತಿಪ್ಪಿ ಮತ್ತು ಕೋಕಿಲಾ ರಾಜಾಜಿನಗರದ ಒಂದೇ ಪಿಯು ಕಾಲೇಜಿಗೆ ಸೇರುವುದೆಂದು, ಒಂದೇ ಬಣ್ಣದ ಬ್ಯಾಗ್ ಕೊಳ್ಳುವುದೆಂದು ಎಂಟನೇ ಕ್ಲಾಸಿನಲ್ಲೇ ತೀರ್ಮಾನವಾಗಿತ್ತು. ಸಹಿ ಮಾಡಿದರೆ ಅದೆಲ್ಲ ಉಳಿಯುತ್ತದೆ. ಮಾಡದಿದ್ದರೆ ಒಂದು ವರ್ಷ ಹೋಗುತ್ತದೆ, ಗೆಳತಿ ಹೋಗುತ್ತಾಳೆ, ಶ್ರೀಶನ ಬಾಯಿಗೆ ತಿಪ್ಪಮ್ಮ ಎಂಬ ಹಬ್ಬದೂಟ ಸಿಗುತ್ತದೆ. ಹಾಳೆಯನ್ನು ಬ್ಯಾಗಿಗೆ ಹಾಕಿದಳು. ಸಹಿ ಮಾಡುವುದೆಂದೇ ನಿರ್ಧರಿಸಿದ್ದಳು.

ಶನಿವಾರ ಅರ್ಧ ದಿನದ ಸ್ಕೂಲು. ಮೇಷ್ಟ್ರು ಬೆಳಗ್ಗೆಯೇ ಎಲ್ಲರ ಹಾಳೆ ತೆಗೆದುಕೊಂಡು ಮೇಜಿನ ಮೇಲೆ ಜೋಡಿಸಿಟ್ಟರು. ಒಬ್ಬೊಬ್ಬರ ಹೆಸರನ್ನೂ ಕೂಗುವುದು, ಅವರು ಬಂದು ಸಹಿ ಮಾಡುವುದು. ಮೇಷ್ಟ್ರು ತಲೆ ಬಗ್ಗಿಸಿ ಇನ್ನೊಂದು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು.

“ಅಪೂರ್ವ ಎಂ.”

ತಿಪ್ಪಿ ಏಳಲಿಲ್ಲ. ಹತ್ತು ವರ್ಷದ ಅಭ್ಯಾಸ, ಮೊದಲ ಕೂಗಿಗೆ ಮೈಯೇ ಏಳುವುದಿಲ್ಲ. ಅಷ್ಟರಲ್ಲಿ ಮೇಲೆ ಮೆಟ್ರೊ ಹೋಯಿತು. ಗಾಜು ಗುಯ್ಯೆಂದಿತು. ಪಕ್ಕದಲ್ಲಿ, ಬಿಟ್ಟ ಜಾಗದಲ್ಲಿ, ಬೆಂಚಿನ ಹಲಗೆ ಯಾರೋ ಎದ್ದಾಗ ಕಿರುಗುಟ್ಟುವಂತೆ ಕಿರುಗುಟ್ಟಿತು. ಕೋಕಿಲಾ ತಿಪ್ಪಿಯ ಕೈ ಹಿಡಿದುಕೊಂಡಳು. ಮೇಷ್ಟ್ರು ಮತ್ತೆ ಕೂಗುತ್ತಾರೆಂದು ಇಬ್ಬರೂ ಕಾದರು. ಕೂಗಲಿಲ್ಲ. ಅವರು ಹಾಳೆಯನ್ನು ಮಗುಚಿ ಮುಂದಿನ ಹೆಸರು ತೆಗೆದರು.

ತಿಪ್ಪಿ ಎದ್ದು ಮೇಜಿನ ಬಳಿ ಹೋದಳು.

“ಏನಮ್ಮ?”

“ನಾನು ಸಹಿ ಮಾಡ್ಬೇಕು ಸಾರ್.”

“ಆಗಲೇ ಮಾಡಿ ಹೋದ್ಯಲ್ಲ. ಎಷ್ಟು ಸಲ ಮಾಡ್ತೀಯಾ?” ಮೇಷ್ಟ್ರು ಹಾಳೆ ತಿರುಗಿಸಿ ತೋರಿಸಿದರು.

ಸಹಿ ಇತ್ತು. ತಿಪ್ಪಿಯ ಅಕ್ಷರವೇ, ಆದರೆ ತಿಪ್ಪಿ ಬರೆಯುವುದಕ್ಕಿಂತ ದುಂಡಗೆ, ನಿಧಾನವಾಗಿ, ಮನಸ್ಸಿಟ್ಟು ಬರೆದದ್ದು. ಅವಳು ಬೆರಳಿಟ್ಟಳು. ಶಾಯಿ ಇನ್ನೂ ಹಸಿಯಾಗಿತ್ತು, ಬೆರಳಿಗೆ ನೀಲಿ ಹತ್ತಿತು.

ಅಲ್ಲಿ ಅವಳು ಸುಮ್ಮನೆ ಹೋಗಿ ಕೂರಬಹುದಿತ್ತು. ಸಹಿ ಮಾಡಿದ ಪಾಪವೂ ಇಲ್ಲ, ಅಪ್ಪನಿಗೆ ಖುಷಿ, ಕೋಕಿಲಾ ಜೊತೆ ಕಾಲೇಜು. ಹೆಜ್ಜೆ ಹಿಂದಕ್ಕೂ ಇಟ್ಟಳು. ಆಗ ಅವಳಿಗೆ ಮುಂದಿನದೆಲ್ಲ ಒಂದೇ ಉಸಿರಿಗೆ ಕಂಡಿತು. ಮಾರ್ಕ್ಸ್ ಕಾರ್ಡು ಕೊಡುವಾಗ ಕೂಗುತ್ತಾರೆ. ಇಂಟರ್‌ವ್ಯೂಗೆ ಕೂಗುತ್ತಾರೆ. ಮದುವೆ ಮಂಟಪಕ್ಕೆ ಕರೆಯುತ್ತಾರೆ. ಪ್ರತಿ ಸಲವೂ ತನ್ನ ಪಕ್ಕದಲ್ಲಿ ಯಾರೋ ಎದ್ದು ಹೋಗುತ್ತಾರೆ. ತಾನು ಎರಡನೆಯ ಕೂಗಿಗೆ ಕಾಯುತ್ತ ಕೂತಿರುತ್ತೇನೆ, ಅದು ಬರುವುದಿಲ್ಲ.

“ಇದು ನನ್ ಸಹಿ ಅಲ್ಲ ಸಾರ್” ಎಂದಳು. “ನಮ್ಮಕ್ಕಂದು.”

“ನಿಮ್ಮಕ್ಕನಾ? ಅವಳ್ಯಾವ ಕ್ಲಾಸು?”

“ಇದೇ ಕ್ಲಾಸು ಸಾರ್. ಅಪೂರ್ವ ಅಂದ್ರೆ ನಮ್ಮಕ್ಕ. ತೀರ್ಹೋಗಿದಾಳೆ. ಅವಳ ಹೆಸರಲ್ಲಿ ನಾನು ಓದ್ತಾ ಇದೀನಿ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ರೇಗುವ ಮನುಷ್ಯ, ಆದರೆ ರೇಗಲಿಲ್ಲ. “ಹಾಗಾದ್ರೆ ನಿನ್ನ ಹೆಸರೇನು ಮಗು?”

ನಲವತ್ತೆರಡು ಜನ ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ತಿಪ್ಪಿ ಕಣ್ಣು ಮುಚ್ಚಿಕೊಂಡಳು. “ತಿಪ್ಪಮ್ಮ ಸಾರ್.”

ಕ್ಲಾಸು ಗೊಳ್ಳೆಂದು ನಕ್ಕಿತು. ಶ್ರೀಶನಂತೂ ಡೆಸ್ಕು ಬಡಿದು ನಕ್ಕ. ಮೇಷ್ಟ್ರು ಡಸ್ಟರ್ ಎತ್ತಿ ಕುಟ್ಟಿದರು. ನಗು ನಿಂತಿತು. ಎಲ್ಲರದೂ ನಿಂತ ಮೇಲೂ ಒಂದು ನಗು ನಿಲ್ಲಲಿಲ್ಲ. ತೆಳ್ಳನೆಯ ನಗು, ಮುಂದಿನ ಬೆಂಚಿನಿಂದ, ಕೋಕಿಲಾ ಒಬ್ಬಳೇ ಬಾಯಿ ಮುಚ್ಚಿ ಕೂತಿದ್ದ ಬೆಂಚಿನಿಂದ. ಕುಚೋದ್ಯದ ನಗುವಲ್ಲ ಅದು. ಅಕ್ಕಂದಿರು ತಂಗಿಯರನ್ನು ನೋಡಿ ನಗುತ್ತಾರಲ್ಲ, ಹಾಗೆ. ಶ್ರೀಶ ಅತ್ತ ನೋಡಿದ, ಇತ್ತ ನೋಡಿದ, ಕೈಯನ್ನು ಡೆಸ್ಕಿನಿಂದ ಮೆಲ್ಲಗೆ ತೆಗೆದುಕೊಂಡ. ಅವನು ಇವತ್ತಿನವರೆಗೂ ಅವಳನ್ನು ಟ್ರಯಲ್ ಪ್ಯಾಕ್ ಎಂದು ಮತ್ತೆ ಕರೆದಿಲ್ಲ.

ಸೋಮವಾರ ಅಪ್ಪ ಅಮ್ಮ ಇಬ್ಬರನ್ನೂ ಸ್ಕೂಲಿನ ಆಫೀಸಿಗೆ ಕರೆಸಿದರು. ಮನೆಯಲ್ಲಿ ಶನಿವಾರ, ಭಾನುವಾರ ಏನೇನಾಯಿತು ಎಂದು ಹೇಳುವುದು ಬೇಡ. ಮಹೇಶ ಊಟ ಬಿಟ್ಟಿದ್ದ. ಆದರೆ ಸೋಮವಾರ ಬೆಳಗ್ಗೆ ಕೆಲಸಕ್ಕೆ ರಜೆ ಹೇಳಿ ಒಳ್ಳೆಯ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಹೊರಟು ನಿಂತವಳು ವರಲಕ್ಷ್ಮಿ.

ಹೆಡ್‌ಮಿಸ್ಸು ಬೈಯುವಷ್ಟು ಬೈದರು. ಕೋರ್ಟಿಗೆ ಹೋಗಿ ಹುಟ್ಟು ಬರೆಸಬೇಕು, ಕಾಗದ ಸರಿಯಾಗುವವರೆಗೆ ಪರೀಕ್ಷೆಯಿಲ್ಲ, ಮುಂದಿನ ವರ್ಷ ಹತ್ತನೇ ಕ್ಲಾಸಿಗೆ ಹೊಸದಾಗಿ ಕೂರಬಹುದು ಎಂದರು. ಮಹೇಶ ಎಲ್ಲದಕ್ಕೂ ಹೂಂ ಎಂದ. ಆಮೇಲೆ ಗುಮಾಸ್ತ ಲಕ್ಷ್ಮೀಪತಿ ಒಂದು ಹೇಳಿಕೆ ಬರೆದುಕೊಳ್ಳಲು ಕೂತ.

“ತೀರ್ಹೋದ ಮಗೂ ಹೆಸ್ರು ಹೇಳಿ.”

ಮಹೇಶ ಬಾಯಿ ತೆರೆದ. ವರಲಕ್ಷ್ಮಿ ಅವನ ತೋಳು ಹಿಡಿದಳು. “ನಾನ್ ಹೇಳ್ತೀನಿ.”

ಪಾಠದ ಹೊತ್ತು. ಹೊರಗೆ ಕಾರಿಡಾರ್ ಖಾಲಿ. ಕುಡಿಯುವ ನೀರಿನ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ವರಲಕ್ಷ್ಮಿಯ ತುಟಿ ಎರಡು ಸಲ ಅಲುಗಾಡಿದವು, ದನಿ ಬರಲಿಲ್ಲ. ಪಕ್ಕದಲ್ಲೇ ನಿಂತಿದ್ದ ತಿಪ್ಪಿ ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಗುಮಾಸ್ತ ಪೆನ್ನು ಹಿಡಿದು ಕಾದ.

“ಅಪೂರ್ವಾ...”

ಬರೆಸುವ ಹಾಗಲ್ಲ, ಕೂಗುವ ಹಾಗೆ ಬಂತು ಅದು. ಅಡುಗೆಮನೆಯಿಂದ ಚಾಪೆಗೆ ಕೇಳಿಸುವಷ್ಟು.

“ಓ” ಎಂದಿತು ಬಾಗಿಲ ಬಳಿ.

ಹಾಜರ್ ಎನ್ನಲಿಲ್ಲ, ಸಾರ್ ಎನ್ನಲಿಲ್ಲ. ಹನ್ನೊಂದು ತಿಂಗಳ ಮಗು ಕಲಿತದ್ದು ಅದೊಂದನ್ನೇ. ಹತ್ತು ವರ್ಷ ಆ ಹೆಸರನ್ನು ಯಾರ್ಯಾರೋ ಮೇಷ್ಟ್ರು ಟೀಚರು ಕೂಗಿದ್ದರು, ಎಲ್ಲದಕ್ಕೂ ಅದು ಓಡಿ ಬಂದಿತ್ತು, ಯಾವುದೋ ಒಂದು ದಿನ ಕೂಗುವ ದನಿ ಅಮ್ಮನದಾಗಿರಬಹುದೆಂದು. ತಿಪ್ಪಿಗೆ ಈಗ ಅರ್ಥವಾಯಿತು. ಅಕ್ಕನಿಗೆ ಬೇಕಿದ್ದದ್ದು ಸ್ಕೂಲೂ ಅಲ್ಲ, ತನ್ನ ಜಾಗವೂ ಅಲ್ಲ. ತಿಪ್ಪಿಗೆ ಅಳು ಬಂತು, ಅತ್ತಳು.

ಹೆಡ್‌ಮಿಸ್ಸು “ಯಾರದು ಕಾರಿಡಾರಲ್ಲಿ? ಕ್ಲಾಸಿಗೆ ಹೋಗು” ಎಂದು ಗದರಿದರು. ಗುಮಾಸ್ತ ಹೆಸರು ಬರೆದುಕೊಂಡ. ವರಲಕ್ಷ್ಮಿ ಬಾಗಿಲನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ಎದ್ದು ನಿಂತಳು. “ಬಂದೆ ಕಣವ್ವ, ತಡ ಆಯ್ತು” ಎಂದಳು.

ಮನೆಗೆ ನಡೆದೇ ಹೋದರು. ಯಾರೂ ಬಸ್ಸಿನ ಮಾತೆತ್ತಲಿಲ್ಲ. ವರಲಕ್ಷ್ಮಿಯ ಎಡಗೈಯಲ್ಲಿ ತಿಪ್ಪಿಯ ಕೈ ಇತ್ತು. ಬ್ಯಾಗನ್ನು ಗಂಡನಿಗೆ ಕೊಟ್ಟು ಬಲಗೈ ಖಾಲಿ ಇಟ್ಟುಕೊಂಡಿದ್ದಳು, ಬೆರಳು ಅರ್ಧ ಮಡಿಚಿ. ವಿಜಯನಗರದ ಸಿಗ್ನಲ್ಲಿನಲ್ಲಿ ರಸ್ತೆ ದಾಟುವಾಗ ಆ ಬಲಗೈಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಹೇಶ ಅದನ್ನು ನೋಡಿ, ಏನೂ ಕೇಳದೆ, ಗಾಡಿಗಳ ಕಡೆಗೆ ಕೈ ಅಡ್ಡ ಹಿಡಿದ.

ಸ್ಕೂಲಿನಲ್ಲಿ ಆ ದನಿ ಮತ್ತೆ ಕೇಳಲಿಲ್ಲ. ಕೋಕಿಲಾ ಪಾಸಾಗಿ ರಾಜಾಜಿನಗರದ ಕಾಲೇಜಿಗೆ ಹೋದಳು. ಭಾನುವಾರಗಳಲ್ಲಿ ಬಂದು ಅಂಜನಮ್ಮನ ಜೊತೆ ಹೂ ಕಟ್ಟುತ್ತ ಕೂರುತ್ತಾಳೆ, ಬೀದಿಯ ತುದಿಯಿಂದಲೇ ‘ತಿಪ್ಪೀ’ ಎಂದು ಕೂಗುತ್ತ ಬರುತ್ತಾಳೆ. ವರಲಕ್ಷ್ಮಿ ಈಗ ದಿನಕ್ಕೊಂದು ಸಲ, ಬೆಳಗ್ಗೆ ಹಾಲು ಕಾಯಿಸುವಾಗ, ದೊಡ್ಡ ಮಗಳ ಹೆಸರು ಕರೆಯುತ್ತಾಳೆ. ಉತ್ತರ ಬರುತ್ತದೋ ಇಲ್ಲವೋ ಅವಳು ಯಾರಿಗೂ ಹೇಳಿಲ್ಲ.

ಜೂನಿನಲ್ಲಿ ಹೊಸ ಹಾಜರಿ ಪುಸ್ತಕ ಬಂತು. ತನಗಿಂತ ಒಂದು ವರ್ಷ ಹಿಂದಿದ್ದ, ಆದರೆ ತನ್ನದೇ ವಯಸ್ಸಿನ ಮಕ್ಕಳ ನಡುವೆ ತಿಪ್ಪಿ ಮೂರನೆಯ ಬೆಂಚಿನಲ್ಲಿ ಕೂತಿದ್ದಳು. ಅಲ್ಲಿ ಅವಳು ಕುಳ್ಳಿಯಾಗಿರಲಿಲ್ಲ. ಶಿವಯೋಗಿ ಮೇಷ್ಟ್ರು ಪಟ್ಟಿಯಲ್ಲಿ ಬೆರಳಾಡಿಸುತ್ತ ಬಂದು ಒಂದು ಹೆಸರಿನ ಮೇಲೆ ನಿಂತು, ತಲೆ ಎತ್ತಿ, “ತಿಪ್ಪಮ್ಮ ಎಂ.” ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಪಕ್ಕಕ್ಕೊಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಹಾಜರ್ ಸಾರ್” ಎಂದಳು, ಮೊದಲ ಕೂಗಿಗೇ.